ನಾಲ್ಕು ದೇಶ ದಾಟುವ ರಸ್ತೆಯನ್ನು ಸಾಫ್ತಜ್ಜಿ ಹೇಗೆ ದಾಟಬೇಕು?

ರಸ್ತೆಗಳ ಮುಖ್ಯಾಧಿಕಾರಿಗಳೇ,

ಈ ಬೇಸಿಗೆಯಲ್ಲಿ ನಮ್ಮೂರ ನಡುವಿನ ಹೆದ್ದಾರಿಯಲ್ಲಿ ನೀವು ನಿಲ್ಲಿಸಿದ ಕಾಂಕ್ರೀಟು ತಡೆಗೋಡೆಯಲ್ಲಿ ಒಂದು ಕಂಡಿ ಬೇಕು. ಬೇಗ ಬೇಕು. ಏಕೆಂದರೆ ನಾಳೆ ಬೆಳಿಗ್ಗೆಯೂ ಎಪ್ಪತ್ತೆಂಟರ ಸಾಫ್ತಜ್ಜಿ ಕೆಂಡದ ಮಡಕೆ ಹಿಡಿದು ಅದನ್ನು ಹತ್ತಲಿದ್ದಾಳೆ.

ಇ-ಎಪ್ಪತ್ತೊಂಬತ್ತು ಸಾಮಾನ್ಯ ರಸ್ತೆಯಲ್ಲ, ಬಲ್ಲೆವು. ಹಂಗೇರಿಯಲ್ಲಿ ಹುಟ್ಟಿ, ನಮ್ಮ ರೊಮೇನಿಯಾವನ್ನು ಮೆಟ್ಟಿ, ಬಲ್ಗೇರಿಯಾದ ಬೆನ್ನು ತಟ್ಟಿ, ಗ್ರೀಸಿನ ಕಡಲು ಮುಟ್ಟುತ್ತದೆ. ಆ ತುದಿಯಿಂದ ಈ ತುದಿಗೆ ಓಡಿಸುವುದರಲ್ಲಿ ತಾವು ನಿಷ್ಣಾತರು. ಈ ಬದಿಯಿಂದ ಆ ಬದಿಗೆ ಹೋಗುವವರೂ ಇರುತ್ತಾರೆಂಬುದು ಮಾತ್ರ ತಮ್ಮ ನಕ್ಷೆಗೆ ನಿಲುಕಲಿಲ್ಲ. ನಮ್ಮ ಮನೆ, ಚರ್ಚು, ಹೆಂಡದಂಗಡಿ ಎಲ್ಲ ಎಡಕ್ಕೆ, ಸ್ಮಶಾನ ಬಲಕ್ಕೆ. ಬದುಕಿಗೊಂದು ಬದಿ, ಸಾವಿಗೊಂದು ಬದಿ, ನಡುವೆ ತಾವು ಕಟ್ಟಿದ ಗಡಿ.

ಕಳೆದ ತಿಂಗಳು ಸಾಫ್ತಜ್ಜಿಯ ಗಂಡ ಗ್ಲಿಗೋರ್ ತೀರಿಕೊಂಡ. ತಮ್ಮ ಕಚೇರಿಗೆ ಫೋನು ಮಾಡಿದೆ. "ಬಾಡೀನ ವ್ಯಾನಲ್ಲಿ ಹಾಕ್ಕೊಂಡು, ಮುಂದಿನ ಸರ್ಕಲ್ಲಲ್ಲಿ ತಿರುಗಿಸ್ಕೊಂಡು ಬನ್ನಿ ಸಾರ್, ಅದ್ರಲ್ಲೇನಿದೆ?" ಎಂದರು. ಅದರಲ್ಲೇನಿದೆ? ಸತ್ತವನನ್ನು ಅವನು ನಡೆದ ದಾರಿಯಲ್ಲೇ ಹೊರಬೇಕು. ದಾರಿ ದಾಟುವ ಕಡೆಯೆಲ್ಲ ಇಳಿಸಬೇಕು, ಪಾದ್ರಿ ಪ್ರಾರ್ಥನೆ ಓದಬೇಕು. ಆಚೆ ಲೋಕಕ್ಕೆ ದಾಟಿಸುವ ಸೇತುವೆಗಳು ಅವನಿಗೆ ಸಿಗುವುದು ಹಾಗೆ. ತಮ್ಮ ಸರ್ಕಲ್ಲಿನಲ್ಲಿ ಸುತ್ತಿಸಿದರೆ ಅವನು ಅಲ್ಲೇ ಸುತ್ತುತ್ತಿರುತ್ತಾನೆಂಬ ಭಯ ನಮಗೆ. ನಗಿ, ಪರವಾಗಿಲ್ಲ.

ಹಾಗಾಗಿ ಹೆಗಲು ಕೊಟ್ಟ ನಾವು ಶವದ ಪೆಟ್ಟಿಗೆಯನ್ನು ಗೋಡೆಯ ಮೇಲಿಂದಲೇ ದಾಟಿಸಿದೆವು. ಕೂಡಲೇ ಓಡಬೇಕಿತ್ತು. ಓಡಲಿಲ್ಲ. ದಾರಿ ದಾಟುವಾಗ ಇಳಿಸಿ ಇಳಿಸಿ ಕೈಗಳಿಗೆ ರೂಢಿ, ನಡುರಸ್ತೆಯಲ್ಲೇ ಇಳಿಸಿಬಿಟ್ಟೆವು. ಪಾದ್ರಿ ಪುಸ್ತಕ ತೆರೆದರು. ತಿರುವಿನಲ್ಲಿ ಟೊಮೆಟೊ ತುಂಬಿದ ಬಲ್ಗೇರಿಯಾದ ಲಾರಿ ಕಾಣಿಸಿತು.

"ಎತ್ರೋ! ಬೇಗ ಎತ್ರೋ!" ಎಂದು ನೆರೆಮನೆಯ ಪೆತ್ರಾಕೆ ಕೂಗಿಕೊಂಡ.

"ಇನ್ನೂ ಆಮಿನ್ ಆಗಿಲ್ಲ ಕಣೋ!" ಎಂದರು ಪಾದ್ರಿ.

ಲಾರಿ ಕಿರುಚುತ್ತ ಅಡ್ಡ ತಿರುಗಿ ಪೆಟ್ಟಿಗೆಯ ಕಾಲುದೆಸೆಯಲ್ಲಿ ನಿಂತಿತು. ಚಾಲಕ ಇಳಿದು ತನ್ನ ಭಾಷೆಯಲ್ಲಿ ನಮ್ಮ ತಾಯಂದಿರನ್ನೆಲ್ಲ ನೆನೆದ. ಆಮೇಲೆ ಪೆಟ್ಟಿಗೆ ನೋಡಿದ. ಟೋಪಿ ತೆಗೆದ. ನಾವು ದಾಟುವ ತನಕ ಲಾರಿಯನ್ನು ಅಡ್ಡವೇ ಇಟ್ಟು ಕಾದ. ಪರದೇಶದ ಚಾಲಕನಿಗೆ ತಕ್ಷಣ ತಿಳಿದದ್ದು ಸ್ವದೇಶದ ಇಲಾಖೆಗೆ ತಿಳಿಯಲು ಎಷ್ಟು ಕಾಲ ಬೇಕು, ಸ್ವಾಮಿ?

ಅಂದು ಬದುಕಿಕೊಂಡೆವು. ಆದರೆ ಮಣ್ಣು ಮಾಡಿದ ಮೇಲೆ ನಲವತ್ತು ದಿನ, ಬೆಳಗಾಗುತ್ತಲೇ, ಹೆಂಡತಿ ಗೋರಿಗೆ ಧೂಪ ಹಾಕಬೇಕೆಂಬುದು ನಮ್ಮ ಕಡೆಯ ಪದ್ಧತಿ. ಅದಿನ್ನೂ ಮುಗಿದಿಲ್ಲ. ಒಂದು ಕೈಯಲ್ಲಿ ಮಡಕೆ, ಇನ್ನೊಂದರಲ್ಲಿ ಲಂಗದ ಅಂಚು. ಮಂಜಿನಲ್ಲಿ ಆಕೆ ಗೋಡೆಯ ಮೇಲೆ ಕುದುರೆ ಏರಿದವಳಂತೆ ಕೂತು ಲಾರಿಗಳ ಸದ್ದು ಆಲಿಸುತ್ತಾಳೆ. ನಿನ್ನೆ ಲಂಗ ಸಿಕ್ಕಿಕೊಂಡು ಜಾರಿದಳು. ಜೊತೆಗಿದ್ದ ನಾನು ತೋಳು ಹಿಡಿದೆ.

"ಅಜ್ಜಿ, ಕೊಡು ಇಲ್ಲಿ. ಧೂಪ ನಾನ್ ಹಾಕ್ತೀನಿ."

"ನೀನ್ಯಾಕೆ? ಅವನೇನು ನಿನ್ನ ಗಂಡನಾ?"

"ಲಾರಿ ಹೊಡೆದ್ರೆ?"

"ಹೊಡೆದ್ರೆ ಅಲ್ಲೇ ಆಚೆ ಕಡೆ ಮಲಗಿಸ್ಬಿಡು ಮಗಾ. ಮತ್ತೆ ಈ ಗೋಡೆ ಹತ್ತಿಸ್ಬೇಡ."

ಆಕೆ ನಿಲ್ಲುವವಳಲ್ಲ, ಲಾರಿಗಳು ನಿಲ್ಲುವಂಥವಲ್ಲ. ಕದಲಬಹುದಾದದ್ದು ಗೋಡೆಯೊಂದೇ. ಒಂದು ಪೆಟ್ಟಿಗೆ, ಅದನ್ನು ಹೊತ್ತ ಹೆಗಲುಗಳು ತೂರುವಷ್ಟು ಅಗಲದ ಕಂಡಿ ಕೊಡಿ. ಎರಡೂ ಕಡೆ ದೀಪ ಇಡಿ. ಸಭೆ, ಸಮೀಕ್ಷೆ, ಸಮಾಲೋಚನೆ ಆಮೇಲೆ ಮಾಡಿ. ಅಲ್ಲಿಯ ತನಕ ಬೆಳಗಿನ ಹೊತ್ತು ಕೆಂಪು ಬಾವುಟ ಕೊಟ್ಟು ಒಬ್ಬನನ್ನು ಕಳಿಸಿ. ಕಳಿಸದಿದ್ದರೆ ನಾಳೆಯಿಂದ ಊರಿಗೆ ಊರೇ ರಸ್ತೆಗಿಳಿದು ನಿಲ್ಲುತ್ತೇವೆ. ಸಾಫ್ತಜ್ಜಿ ಧೂಪ ಹಾಕಿ ಮನೆಗೆ ಮರಳುವ ತನಕ ನಾಲ್ಕೂ ದೇಶಗಳು ಕಾಯಲಿ.

ಇಂತಿ,
ಎಡಬದಿಯಲ್ಲಿ ವಾಸ, ಬಲಬದಿಯಲ್ಲಿ ಜಾಗ ಕಾದಿರಿಸಿರುವ
ತಮ್ಮ ಹೆದ್ದಾರಿಯ ಅಡ್ಡ ಪ್ರಯಾಣಿಕ,
ದೊರಿನೆಲ್