ಸಭೆಗೆ ಒಯ್ದ ಎರಡು ಕುರ್ಚಿ

ಹದಿನಾಲ್ಕನೇ ತಾರೀಕು, ಸೋಮವಾರ
ಮಧ್ಯಾಹ್ನ, ಅಂಗಡಿಯಲ್ಲೇ ಕೂತು

ಮುದ್ದಿನ ಪುಟ್ಟಿ,

ಅಪ್ಪನ ನೂರು ಆಶೀರ್ವಾದ. ನಾನು ಚೆನ್ನಾಗಿದ್ದೇನೆ. ಈ ಮಾತನ್ನು ಪ್ರತಿ ಪತ್ರದಲ್ಲೂ ಬರೆಯುತ್ತೇನೆ, ನೀನು ಪ್ರತಿ ಸಲವೂ ನಂಬುವುದಿಲ್ಲ. ಈ ಸಲ ನಂಬಬಹುದು. ಇವತ್ತು ಬೆಳಿಗ್ಗೆ ಹಸಿವಾಗಿ ಎಚ್ಚರವಾಯಿತು. ಹಸಿವಿನಿಂದ ಎದ್ದು ಎಂಟು ತಿಂಗಳಾಗಿತ್ತು.

ಅಮ್ಮ ಬೇಕೆಂದು ಹಟ ಹಿಡಿದಿದ್ದ ಸಮುದಾಯ ಭವನ ಏನಾಯಿತು ಎಂದು ಹೋದ ಪತ್ರದಲ್ಲಿ ನೀನು ಕೇಳಿದ್ದೆ. ನಿನ್ನೆ ಸಭೆ ಸೇರಿ ತೀರ್ಮಾನವಾಯಿತು. ಅವಳು ಹೋದಮೇಲೆ ನಾನು ಪುಸ್ತಕದಲ್ಲಿ ದಿನಕ್ಕೆ ಎರಡು ಸಾಲು ಬರೆದಿಡುತ್ತೇನಲ್ಲ, 'ಎರಡು ಬೆತ್ತದ ಕುರ್ಚಿ ಹೆಣೆದು ಮುಗಿಯಿತು, ಬಿಸಿಲು ಜೋರು' ಅಂತ. ನಿನ್ನೆಯದು ಆ ಎರಡು ಸಾಲಿನಲ್ಲಿ ಹಿಡಿಯಲಿಲ್ಲ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ನೀನಿದ್ದಾಗ ಸಭೆಗಳು ಶಾಲೆಯಲ್ಲಿ ಆಗುತ್ತಿದ್ದವು. ಶಾಲೆಯ ಮಾಡು ಕುಸಿದಮೇಲೆ, ನಾಲ್ಕು ವರ್ಷದಿಂದ ಬಸ್ ಡಿಪೋದ ರಿಪೇರಿ ಶೆಡ್ಡೇ ಗತಿ. ಭಾನುವಾರ ಮಧ್ಯಾಹ್ನ ಮೂರರಿಂದ ಐದೂವರೆ ತನಕ ಶೆಡ್ ನಮ್ಮದು, ಆಮೇಲೆ ಬಸ್ಸಿನದು. ನೆಲದ ತುಂಬ ಎಣ್ಣೆಯ ಕಲೆ, ಆದ್ದರಿಂದ ಚಾಪೆ ಹಾಸುವ ಹಾಗಿಲ್ಲ. ಅವರವರ ಕುರ್ಚಿಯನ್ನು ಅವರವರೇ ಮನೆಯಿಂದ ಹೊತ್ತು ತರಬೇಕು. ಊರಿನ ಅರ್ಧ ಕುರ್ಚಿಗಳು ನನ್ನ ಕೈಯಲ್ಲಿ ರಿಪೇರಿಯಾದವು. ಹಾಗಾಗಿ ಜನರ ಮುಖ ನೋಡುವ ಮೊದಲೇ ಯಾರು ಬಂದರು ಎನ್ನುವುದು ಕುರ್ಚಿ ನೋಡಿ ನನಗೆ ತಿಳಿಯುತ್ತದೆ.

ಮತ ಎಣಿಸುವುದೂ ಕುರ್ಚಿಯಿಂದಲೇ. ಕೈ ಎತ್ತಿಸಿದರೆ ಕೆಲವರು ಬೇಕು ಎಂದಾಗಲೂ ಎತ್ತುತ್ತಾರೆ, ಬೇಡ ಎಂದಾಗಲೂ ಎತ್ತುತ್ತಾರೆ. ಪಂಚಾಯಿತಿ ಗುಮಾಸ್ತರು ಅದಕ್ಕೊಂದು ಉಪಾಯ ಹುಡುಕಿದರು. ಬೇಕು ಅನ್ನುವವರು ಕುರ್ಚಿ ಎತ್ತಿಕೊಂಡು ಕಿಟಕಿ ಕಡೆಗೆ, ಬೇಡ ಅನ್ನುವವರು ಬಾಗಿಲ ಕಡೆಗೆ ಹೋಗಿ ಕೂರಬೇಕು. ಗುಮಾಸ್ತರು ಸೀಮೆಸುಣ್ಣ ಹಿಡಿದು, ಬಗ್ಗಿ, ಒಂದೊಂದು ಕುರ್ಚಿಯ ಕಾಲಿಗೂ ಗೀಟೆಳೆಯುತ್ತ ಎಣಿಸುತ್ತಾರೆ. ಜನ ಕೂತಿದ್ದರೆ ಮಾತ್ರ ಗೀಟು. ಖಾಲಿ ಕುರ್ಚಿ ಲೆಕ್ಕಕ್ಕಿಲ್ಲ.

ಸಭೆಯ ದಿನ ಅಮ್ಮ ಮುಂದೆ ಮಾತಾಡುತ್ತ ನಡೆಯುವಳು. ನಾನು ನನ್ನದನ್ನು ಕೈಯಲ್ಲಿ, ಅವಳದನ್ನು ಹೆಗಲ ಮೇಲೆ ಇಟ್ಟುಕೊಂಡು ಹಿಂದೆ ನಡೆಯುವವನು. ಎದುರು ಮನೆಯ ಕ್ಷೌರದಂಗಡಿಯವನು ಕಂಡಾಗಲೆಲ್ಲ "ಭಾಷಣ ಅಕ್ಕಂದು, ಪೀಠ ಭಾವಂದು" ಎಂದು ನಗುತ್ತಿದ್ದ.

ನಿನ್ನೆಯೂ ಎರಡು ಕುರ್ಚಿ ಹೊತ್ತೇ ಹೊರಟೆ. ಬೇಕೆಂದು ಮಾಡಿದ್ದಲ್ಲ, ಕೈಗೆ ರೂಢಿ. ನಲ್ಲಿಯ ಮೂಲೆ ದಾಟಿದಮೇಲೆ, ಮುಂದೆ ಯಾರ ಮಾತೂ ಕೇಳಿಸುತ್ತಿಲ್ಲವಲ್ಲ ಅನ್ನಿಸಿದಾಗ ಗೊತ್ತಾಯಿತು. ನಡು ಬೀದಿಯಲ್ಲಿ ನಿಂತುಬಿಟ್ಟೆ. ಹಿಂದಿನಿಂದ ಬಂದ ಕ್ಷೌರದಂಗಡಿಯವನು ಏನೂ ಹಾಸ್ಯ ಮಾಡಲಿಲ್ಲ. ನನ್ನ ಕೈಯಲ್ಲಿದ್ದ ನನ್ನ ಕುರ್ಚಿಯನ್ನು ಮಾತ್ರ ತೆಗೆದುಕೊಂಡ. "ನಡೀರಿ ಭಾವ, ಹೊತ್ತಾಯ್ತು" ಅಂದ. ಅಮ್ಮನದು ನನ್ನ ಹೆಗಲ ಮೇಲೇ ಇತ್ತು.

ಶೆಡ್ಡಿನ ನಡುವೆ, ಎಂದಿನ ಜಾಗದಲ್ಲಿ, ಎರಡನ್ನೂ ಪಕ್ಕಪಕ್ಕ ಇಟ್ಟು ನನ್ನದರಲ್ಲಿ ಕೂತೆ.

ಮೊದಲು ಎದ್ದವರು ನಮ್ಮ ನರ್ಸಮ್ಮ. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು ಚುಚ್ಚುಮದ್ದು ಹಾಕುವ ಕಷ್ಟವನ್ನು ಹೇಳಿದರು. "ಭವನ ಯಾಕೆ ಬೇಕು ಅಂತೀರಲ್ಲ, ಈಗ ನಾವೆಲ್ಲಿ ಕೂತಿದೀವಿ ಸ್ವಲ್ಪ ತಲೆಯೆತ್ತಿ ನೋಡಿ. ಬಸ್ಸಿನ ಹೊಟ್ಟೆ ಕೆಳಗೆ!" ಅಂದರು. ಎಲ್ಲರೂ ನಿಜವಾಗಿಯೂ ತಲೆಯೆತ್ತಿ ನೋಡಿದರು. ಮೇಲಕ್ಕೆತ್ತಿ ನಿಲ್ಲಿಸಿದ್ದ ಬಸ್ಸಿನಿಂದ ಒಂದು ಹನಿ ಎಣ್ಣೆ ಗುಮಾಸ್ತರ ಕಾಗದದ ಮೇಲೆ ಬಿತ್ತು.

ತರಕಾರಿ ಅಂಗಡಿಯಾಕೆ ಬಿಡುತ್ತಾಳೆಯೇ? ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. "ಚೆನ್ನಾಗಿ ಹೇಳಿದ್ರಿ ಸಿಸ್ಟರ್. ಆದ್ರೆ ಮನೆಮನೆಯಿಂದ ತಿಂಗಳು ತಿಂಗಳು ವಂತಿಗೆ, ಅದೂ ಮೂರು ವರ್ಷ! ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತಾರೆ, ನಮಗೆ ಹಾಸಿಗೇನೇ ಇಲ್ಲ, ಬರೀ ಕಾಲು ಚಾಚ್ತಾ ಇದೀವಿ. ಕಟ್ಟಿ ಅದರೊಳಗೆ ಏನ್ ಮಾಡ್ತೀರಿ? ಇನ್ನೊಂದು ಭವನ ಬೇಕಾ ಬೇಡ್ವಾ ಅಂತ ಸಭೆ ಮಾಡ್ತೀರಿ!" ಶೆಡ್ಡಿಗೆ ಶೆಡ್ಡೇ ನಕ್ಕಿತು. ನನಗೂ ನಗು ಬಂತು. ಆಕೆ ಮಾತ್ರ ನಗಲಿಲ್ಲ. ಮೂರು ವರ್ಷದಿಂದ ಇದೇ ಮಾತಿಗೆ ಅಮ್ಮ ಎದ್ದು ನಿಂತು ಉತ್ತರ ಕೊಡುತ್ತಿದ್ದಳು. ಇಬ್ಬರೂ ಕಿತ್ತಾಡಿ, ಸಭೆ ಮುಗಿದಮೇಲೆ ಒಟ್ಟಿಗೇ ಮನೆ ಕಡೆ ನಡೆಯುತ್ತಿದ್ದರು. ನಿನ್ನೆ ಆಕೆ ಮಾತು ಮುಗಿಸಿ ಅಭ್ಯಾಸಬಲದಿಂದ ನಮ್ಮ ಕಡೆ ತಿರುಗಿದಳು. ಖಾಲಿ ಕುರ್ಚಿ ಕಂಡು, "ಉತ್ತರ ಹೇಳೋರೇ ಇಲ್ಲದ ಮೇಲೆ ಮಾತಾಡಿ ಏನ್ ಸುಖ" ಎಂದು ಗೊಣಗಿ ಕೂತಳು.

ಆಮೇಲೆ ಗುಮಾಸ್ತರು "ಏಳಿ, ಏಳಿ, ಬಸ್ಸು ಕಾಯಲ್ಲ" ಎಂದು ಕೂಗಿದರು. ಕುರ್ಚಿಗಳ ದರದರ ಸದ್ದು ಶುರುವಾಯಿತು. ಕ್ಷೌರದಂಗಡಿಯವನು ನನ್ನ ಕಿವಿಯಲ್ಲಿ, "ಭಾವ, ಭವನ ಬಂದ್ರೆ ಅದರ ಜೊತೆ ಪ್ಲಾಸ್ಟಿಕ್ ಕುರ್ಚಿನೂ ಬರುತ್ತೆ. ನಿಮ್ಮ ಹೊಟ್ಟೆ ಮೇಲೆ ತಣ್ಣೀರು ಬಟ್ಟೆ, ನೋಡ್ಕೊಳ್ಳಿ" ಅಂದು ತಾನು ಮಾತ್ರ ಕಿಟಕಿ ಕಡೆಗೆ ಹೋದ.

ನಾನು ನನ್ನ ಕುರ್ಚಿ ಎತ್ತಿಕೊಂಡು ಬಾಗಿಲ ಕಡೆಗೆ ಹೋದೆ, ಪುಟ್ಟಿ. ಬೇಡ ಅನ್ನುವವರ ಕಡೆಗೆ.

ಬೈಯಬೇಡ. ಬೆತ್ತದ ಕೆಲಸ ಹೋದೀತೆಂದು ಹೆದರಿದೆ ಅಂತ ಎಲ್ಲರೂ ತಿಳಿದರು. ಆ ಹೆದರಿಕೆ ಇರಲಿಲ್ಲ ಎನ್ನಲಾರೆ. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಭವನ ಬಂದರೆ ಅಲ್ಲಿ ಕುರ್ಚಿಗಳು ಮೊದಲೇ ಸಾಲಾಗಿ ಇರುತ್ತವೆ, ಮನೆಯಿಂದ ಹೊರುವುದೇ ಇರುವುದಿಲ್ಲ. ಅವಳು ಹೋದಮೇಲೆ ಅವಳಿಗಾಗಿ ಮಾಡುವ ಕೆಲಸ ಅಂತ ನನಗೆ ಉಳಿದದ್ದು ಇದೊಂದೇ ಅಂತ ಆ ಹೊತ್ತಿಗೆ ಅನ್ನಿಸಿಬಿಟ್ಟಿತ್ತು. ಬರಿಗೈಯಲ್ಲಿ ಸಭೆಗೆ ಹೇಗೆ ಹೋಗಲಿ? ಭವನ ಬೇಕೆಂದು ಬಡಿದಾಡಿದವಳೂ ಅವಳೇ, ಅದನ್ನು ಬೇಡ ಅನ್ನಿಸಿದವಳೂ ಅವಳೇ.

ಎಲ್ಲರೂ ಎರಡು ಕಡೆಗೆ ಸರಿದಮೇಲೆ ನಡುವೆ ಉಳಿದದ್ದು ಅಮ್ಮನ ಕುರ್ಚಿ ಒಂದೇ. ಆ ಎಣ್ಣೆ ನೆಲದ ಮೇಲೆ, ಬಸ್ಸಿನ ಕೆಳಗೆ, ಒಂಟಿಯಾಗಿ. ಗುಮಾಸ್ತರು ಸೀಮೆಸುಣ್ಣ ಹುಡುಕುತ್ತ ಜೇಬು ತಡಕುತ್ತಿದ್ದರು. ಉಳಿದವರೆಲ್ಲ ಅದನ್ನೇ ನೋಡುತ್ತಿದ್ದರು. ಆಗ ತರಕಾರಿ ಅಂಗಡಿಯಾಕೆ ನನ್ನ ಪಕ್ಕದಿಂದ ದಡಬಡ ಎದ್ದು ಹೋಗಿ ಆ ಕುರ್ಚಿಯನ್ನು ಎತ್ತಿದಳು. "ಏನ್ ಹಂಗೆ ನೋಡ್ತೀರಾ ಎಲ್ಲಾ? ಅವಳೇನು ನಡುಮಧ್ಯೆ ಕೂರೋ ಹೆಂಗಸಾ?" ಎಂದು ಗದರಿ, ಕಿಟಕಿ ಕಡೆಯ ಮುಂದಿನ ಸಾಲಿನಲ್ಲಿ ಅದನ್ನಿಟ್ಟಳು. ಇಟ್ಟು, ನೇರ ವಾಪಸು ಬಂದು, ಬೇಡ ಅನ್ನುವವರ ಕಡೆ ತನ್ನ ಜಾಗದಲ್ಲೇ ಕೂತಳು.

ನಾನು ಎದ್ದೆ. ನನ್ನ ಕುರ್ಚಿಯನ್ನು ಅಲ್ಲೇ ಬಿಟ್ಟೆ. ಶೆಡ್ಡನ್ನು ಅಡ್ಡ ದಾಟಿ ಹೋಗಿ ಅಮ್ಮನ ಕುರ್ಚಿಯಲ್ಲಿ ಕೂತೆ.

ಗುಮಾಸ್ತರು ಹಿಂದಿನ ಸಾಲಿನಿಂದ ಎಣಿಸುತ್ತ ಬಂದರು. ಕೊನೆಯ ಗೀಟು ನನ್ನ ಕಾಲ ಬಳಿ ಬಿತ್ತು: ಐವತ್ತೆಂಟು. ಆಮೇಲೆ ಬಾಗಿಲ ಕಡೆ ಹೋಗಿ, ಖಾಲಿಯಿದ್ದ ನನ್ನ ಕುರ್ಚಿಯನ್ನು ಬಿಟ್ಟು ಎಣಿಸಿದರು: ಐವತ್ತೇಳು. ಗುಮಾಸ್ತರಿಗೇ ನಂಬಿಕೆ ಬರಲಿಲ್ಲ, ಇನ್ನೊಂದು ಸಲ ಬಗ್ಗಿ ಬಗ್ಗಿ ಎಣಿಸಿದರು. ಅಷ್ಟೇ. ಒಂದೇ ಒಂದು ಕುರ್ಚಿ ಹೆಚ್ಚು.

ಭವನ ಕಟ್ಟುತ್ತಾರೆ, ಪುಟ್ಟಿ.

ನರ್ಸಮ್ಮ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಇದ್ದಕ್ಕಿದ್ದಂತೆ ಮನಸ್ಸು ಹೇಗೆ ಬದಲಾಯಿತು ಎಂದು ಸುತ್ತ ನಿಂತವರು ಕೇಳಿದರು. "ಅವಳ ಆಸೆ ಅಲ್ವಾ" ಅಂದೆ. ಎಲ್ಲರಿಗೂ ಸಮಾಧಾನವಾಯಿತು, ಒಬ್ಬಿಬ್ಬರು ಕಣ್ಣೊರೆಸಿಕೊಂಡರು. ತರಕಾರಿ ಅಂಗಡಿಯಾಕೆ ಹೊರಗೆ ಬಾಗಿಲ ಹತ್ತಿರ ಕಾದಿದ್ದಳು. "ಇದ್ದಾಗ್ಲೂ ಬಾಯಿ ಮುಚ್ಚಿಸ್ತಿದ್ಳು, ಹೋದ ಮೇಲೂ ಸೋಲಿಸಿದ್ಳು ನೋಡಣ್ಣ ನಿನ್ನ ಹೆಂಡ್ತಿ" ಅಂದಳು. ಬೈಯುವ ದನಿಯಿದ್ದರೂ ಮುಖದಲ್ಲಿ ಸಿಟ್ಟಿರಲಿಲ್ಲ. ಮನೆ ತನಕ ನನ್ನ ಜೊತೆಗೇ ನಡೆದಳು. ಉದ್ದಕ್ಕೂ ವಂತಿಗೆಯನ್ನು ಬೈದಳು. ಮೊದಲ ಕಂತು ತಾನೇ ಕೊಡುವುದಂತೆ, ಯಾರೂ ತನ್ನನ್ನು ಜಿಪುಣಿ ಅನ್ನಬಾರದಂತೆ.

ಇವತ್ತು ಬೆಳಿಗ್ಗೆ ಗುಮಾಸ್ತರೇ ಅಂಗಡಿಗೆ ಬಂದಿದ್ದರು. ಭವನಕ್ಕೆ ಪ್ಲಾಸ್ಟಿಕ್ ಕುರ್ಚಿ ತರಿಸುವುದೇ ಸೈ, ಆದರೆ ಬೆನ್ನುನೋವಿನ ಹಿರಿಯರಿಗೆಂದು ಹತ್ತು ಬೆತ್ತದವು ಬೇಕು, ಮಾಡಿಕೊಡುತ್ತೀರಾ ಎಂದು ಕೇಳಿದರು. ಮಾಡಿಕೊಡುತ್ತೇನೆ ಅಂದೆ. ಹೊಸ ಬೆತ್ತದ ಕಟ್ಟು ತರಲು ಹೇಳಿ ಕಳಿಸಿದ್ದೇನೆ. ಬಹಳ ದಿನದಮೇಲೆ ಕೈಗೆ ಕೆಲಸದ ಚಪಲ ಬಂದಿದೆ.

ಅಳಿಯಂದಿರಿಗೆ ನನ್ನ ನೆನಪು ಹೇಳು. ಭವನದ ಬಾಗಿಲು ತೆರೆಯುವ ದಿನ ಇಬ್ಬರೂ ಬನ್ನಿ. ನೀವು ಬರುವಾಗ ಕುರ್ಚಿ ತರಬೇಕಾಗಿಲ್ಲ.

ನಿನ್ನನ್ನು ದಿನಾ ನೆನೆಯುವ
ಅಪ್ಪ

ತಾ.ಕ.: ಇದನ್ನು ಅಳಿಯಂದಿರಿಗೆ ಓದಿ ಹೇಳಬೇಡ, ನಿನಗೆ ಮಾತ್ರ. ನಿನ್ನೆ ನಾನು ಭವನಕ್ಕಾಗಿ ಎದ್ದವನಲ್ಲ. ಅಮ್ಮನ ಕುರ್ಚಿಯನ್ನು ಬೇರೆಯವರು ಎತ್ತಿದ್ದು ಕಂಡು ಸಿಟ್ಟು ಬಂತು. ಅದನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗಿಬಿಡೋಣ ಅಂತಲೇ ಎದ್ದದ್ದು. ಎತ್ತುವ ಮೊದಲು ಒಂದು ಉಸಿರು ಎಳೆದುಕೊಳ್ಳೋಣವೆಂದು ಕೂತೆ. ಆ ಕುರ್ಚಿಯನ್ನು ಮೂರು ಸಲ ಹೆಣೆದವನು ನಾನು, ಅದರಲ್ಲಿ ಕೂತದ್ದು ನಿನ್ನೆಯೇ ಮೊದಲು. ಎದ್ದು ಮಾತಾಡುವ ಆತುರಕ್ಕೆ ಯಾವಾಗಲೂ ತುದಿಯಲ್ಲೇ ಕೂರುತ್ತಿದ್ದಳಲ್ಲ, ಮುಂದಿನ ಅಂಚಿನಲ್ಲಿ ಬೆತ್ತ ಸವೆದು ತಗ್ಗಾಗಿದೆ. ಆ ತಗ್ಗಿನಲ್ಲಿ ಕೂತಿದ್ದಾಗ ಗುಮಾಸ್ತರು ಸೀಮೆಸುಣ್ಣ ಹಿಡಿದು ಬಂದು, "ಇಲ್ಲೇ ಕೂತಿರ್ತೀರಾ?" ಎಂದು ಕೇಳಿದರು. "ಹೂಂ" ಅಂದೆ. ಕುರ್ಚಿಯ ವಿಷಯಕ್ಕೆ ಅಂದದ್ದು. ಅವರು ಗೀಟೆಳೆದರು.

ಇವತ್ತು ಗುಮಾಸ್ತರು ಅಂಗಡಿಗೆ ಬಂದಾಗ ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವರು ಪೆನ್ನು ಹಿಡಿದು, "ಏನು, ಹೇಳಿ" ಅಂದರು. ನಿನ್ನೆ ಕೇಳಿದ 'ಇಲ್ಲೇ ಕೂತಿರ್ತೀರಾ?' ಅನ್ನುವ ಮಾತನ್ನೇ ಇವರು ಈಗ ಮತ್ತೆ ಕೇಳಿದರೆ ಏನನ್ನುತ್ತೀಯ ಎಂದು ನನ್ನನ್ನೇ ಕೇಳಿಕೊಂಡೆ. ಒಳಗಿನಿಂದ ಬಂದದ್ದು ಅದೇ "ಹೂಂ". ಈ ಸಲ ಭವನಕ್ಕೇ.

"ಹತ್ತಲ್ಲ, ಹನ್ನೆರಡು ಕುರ್ಚಿ ಅಂತ ಬರ್ಕೊಳ್ಳಿ" ಅಂದೆ. "ಎರಡಕ್ಕೆ ದುಡ್ಡು ಬೇಡ."