ಹೋಗಲು ಬಿಟ್ಟ ಕೋಲು

೧೧ ಫೆಬ್ರವರಿ ೨೦೨೫, ಮಂಗಳವಾರ. ಬಸವಾಪಟ್ಟಣ.

ಕ್ರೀಡಾ ಇಲಾಖೆಯವರು ವಿಕಲಚೇತನರಿಗೆ ಮೈದಾನ ಕೊಡುತ್ತೇವೆಂದರು, ಕೊಡಲಿಲ್ಲ. ಗಾಲಿಕುರ್ಚಿಗೆ ದಾರಿ ಮಾಡುತ್ತೇವೆಂದರು, ಮಾಡಲಿಲ್ಲ. “ಕುಂಟರಿಗ್ಯಾಕ್ರೀ ಗಾಲ್ಫು?” ಎಂದು ಇವತ್ತು ಇಲಾಖೆಯ ಅಧಿಕಾರಿ ನಕ್ಕ. ನಗಲಿ. ನಾವು ಒಣಗಿದ ಕೆರೆಯಂಗಳದಲ್ಲೇ ಆಡಿದೆವು.

ಪೋಲಿಯೊ ಬಡಿದ ನನ್ನ ಎಡಗಾಲು ಭಾರ ಹೊರುವುದಿಲ್ಲ. ಗಾಲ್ಫ್ ಕೋಲಿನಿಂದ ಹೊಡೆದ ಚೆಂಡು ನಾಲ್ಕು ಮಾರು ಉರುಳಿ ನಿಂತಾಗಲೆಲ್ಲ ಕಾಲನ್ನೇ ಬೈಯುತ್ತಿದ್ದೆ. ಆಟ ಕಲಿಸುವ ನುಜಹತ್ ಟೀಚರ್ ಗದರಿದರು: “ತಪ್ಪು ಕಾಲಿಂದಲ್ಲ ರಂಗಣ್ಣ, ಕೈಯ್ದು! ಧರಣೀಲಿ ತಮಟೆ ಬಾರಿಸಿದಂಗೆ, ಹೊಡೆದ ಕೂಡ್ಲೇ ಕೋಲು ಹಿಂದಕ್ಕೆಳೀತೀರಲ್ಲ! ಹೋಗಾಕೆ ಬಿಡ್ರಿ ಅದನ್ನ.”

ಬಿಟ್ಟೆ. ಬಲಗಾಲ ಮೇಲೇ ನಿಂತು ಸೊಂಟ ತಿರುಗಿಸಿದೆ. ಕೋಲು ಹೆಗಲು ದಾಟಿತು, ಚೆಂಡು ಜಾಲಿಗಿಡದಾಚೆ ಬಿತ್ತು! ಈ ಮೈ ಇನ್ನೂ ಕಲಿಯುತ್ತದೆ. ಗಾಲಿಕುರ್ಚಿಯಲ್ಲಿದ್ದ ಗುಲ್ಜಾರ್‌ಬೀ ಕೈ ಚಾಚಿದರು: “ನಂಗೂ ಕೊಡ್ರಿ, ನೋಡೇಬಿಡ್ತೀನಿ.”

ತೋಳು ನೋಯುತ್ತಿದೆ, ಬರೆದದ್ದು ಸಾಕು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಹೊರಗೆ ಧರಣಿಯಲ್ಲ, ಕೋಲು ಹಿಡಿದು ಎಲ್ಲರೂ ಮೈದಾನದ ಗೇಟಿನ ಒಳಗೆ.