ಹಿಂದಿನ ಸೀಟಿನ ಪ್ಲಾಸ್ಟಿಕ್ ಕುರಿತು

ಫೆಬ್ರವರಿ ಮೂವತ್ತು, ೨೧೪೧
ಒಣದಂಡೆ, ಹೊಸಪೇಟೆ

ಮುತ್ತಜ್ಜ ಗುಜ್ಜಲ ಓಬಯ್ಯನವರಿಗೆ ನಿಮ್ಮ ಮರಿಮಗಳು ಹುಲಿಗೆಮ್ಮ ಮಾಡುವ ನಮಸ್ಕಾರಗಳು.

ಫೆಬ್ರವರಿಗೆ ಮೂವತ್ತನೇ ತಾರೀಖು ಎಲ್ಲಿಂದ ಬಂತು ಎಂದು ಹುಬ್ಬು ಗಂಟಿಕ್ಕಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳನ್ನು ನಡುಬೇಸಿಗೆಯಲ್ಲಿ ಯಾರೂ ಮನೆಯಿಂದ ಹೊರಬೀಳಬಾರದ ದಿನಗಳೆಂದು ಬೇರೆ ಎತ್ತಿಟ್ಟಿದ್ದಾರೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಅದನ್ನೂ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಭಾಷೆಯನ್ನು ನಾನು ಕಲಿತದ್ದು ಶಾಲೆಯಲ್ಲಲ್ಲ. ಸತ್ತ ಗಾಡಿಗಳ ಡ್ಯಾಶ್‌ಬೋರ್ಡಿನ ಪೆಟ್ಟಿಗೆಗಳಲ್ಲಿ ಸಿಕ್ಕ ಸರ್ವಿಸ್ ಬಿಲ್ಲು, ಇನ್ಶೂರೆನ್ಸ್ ಕಾಗದ, ಲಗ್ನಪತ್ರಿಕೆಗಳಿಂದ. ನಡುನಡುವೆ "ಷರತ್ತುಗಳು ಅನ್ವಯಿಸುತ್ತವೆ" ಎನ್ನುವ ಧಾಟಿ ಬಂದರೆ ಅದು ಆ ಗುರುಗಳ ತಪ್ಪು.

ಪತ್ರ ನಿಮ್ಮನ್ನು ಮುಟ್ಟಿದ ದಾರಿಗೆ ಅಂಚೆಸೀಳು ಎನ್ನುತ್ತೇವೆ. ನಿಮ್ಮ ಕಾಲದಿಂದ ನಮ್ಮ ಕಾಲದವರೆಗೆ ಒಂದೇ ಮನೆತನದ ಕೈಯಲ್ಲಿ, ಮುಚ್ಚಳ ಮುರಿಯದೆ ಉಳಿದುಬಂದ ಪೆಟ್ಟಿಗೆ ಇದ್ದರೆ, ಅದರಲ್ಲಿಟ್ಟ ಕಾಗದ ಹಿಂದಕ್ಕೆ ಜಾರುತ್ತದೆ. ಒಂದು ಪೆಟ್ಟಿಗೆಗೆ ಒಂದೇ ಸಲ. ನಮ್ಮ ಮನೆತನಕ್ಕೆ ಅಂಥದು ಒಂದೇ ಉಳಿದಿದೆ: ಹೋದ ಆಯುಧಪೂಜೆಗೆ ನೀವು ತಂದ ಬಿಳಿ ಹೈಬ್ರಿಡ್ ಎಸ್‌ಯುವಿಯ ಡ್ಯಾಶ್‌ಬೋರ್ಡಿನ ಪೆಟ್ಟಿಗೆ. ಟಿಪ್ಪರ್ ಓಡಿಸಿ, ಆಮೇಲೆ ಟಿಪ್ಪರ್ ಓಡಿಸುವವರನ್ನು ಓಡಿಸಿ ಸಂಪಾದಿಸಿದ ದುಡ್ಡಿನಲ್ಲಿ ನೀವು ಕೊಂಡ ಗಾಡಿ ಅದು. ನಾನೂ ಕೆಳಗಿನಿಂದಲೇ ಎದ್ದವಳು, ಆದ್ದರಿಂದ ನಿಮ್ಮ ಜೊತೆ ನೇರವಾಗಿ ಮಾತಾಡಬಲ್ಲೆ.

ಒಣದಂಡೆ ಎಂದರೆ ನಿಮ್ಮ ತುಂಗಭದ್ರಾ ಜಲಾಶಯದ ಹಿನ್ನೀರು. ಹೂಳು ತುಂಬಿ ಬಯಲಾದ ಮೇಲೆ ಬಂದ ಹೆಸರು. ಹತ್ತನೇ ವಯಸ್ಸಿಗೆ ನಾನು ಇಲ್ಲಿ ಹಳೆಯ ಗಾಡಿಗಳ ಹೊಟ್ಟೆ ಸೀಳಿ ತಾಮ್ರದ ತಂತಿ ಕೀಳುತ್ತಿದ್ದೆ. ಈಗ ನನ್ನವೇ ಹನ್ನೊಂದು ಶೆಡ್ಡುಗಳು, ಶೆಡ್ಡಿಗೆ ನಾಲ್ಕರಂತೆ ನಿದ್ದೆಗಾಡಿಗಳು. ಓಡುವುದನ್ನು ಮರೆತು, ಒಳಗೆ ತಂಪು ಮಾಡುವುದನ್ನು ಮಾತ್ರ ಮರೆಯದ ಐಷಾರಾಮಿ ಗಾಡಿಗೆ ನಿದ್ದೆಗಾಡಿ ಎನ್ನುತ್ತೇವೆ. ಶೆಡ್ಡಿನ ಮೇಲೆ ಬಿಸಿಲು ಕುಡಿಯುವ ಹಾಸುಗಳನ್ನು ಹಾಕಿ ಬ್ಯಾಟರಿಗೆ ಕರೆಂಟು ಉಣಿಸುತ್ತೇವೆ. ಏಪ್ರಿಲ್‌ನಿಂದ ಜೂನ್‌ವರೆಗೆ ಹೊರಗೆ ಐವತ್ತೆರಡು ಡಿಗ್ರಿ. ಮುದುಕರು, ಬಾಣಂತಿಯರು, ಎದೆ ಬೇನೆಯವರು ಗಂಟೆಗೆ ಎರಡು ಕೊಡ ನೀರು ತಂದು ಸುರಿದು ತಂಪುಸೀಟಿನಲ್ಲಿ ಕೂರುತ್ತಾರೆ. ಕೊಡ ತರದವರು ಬೇವಿನ ಬುಡದಲ್ಲಿ ಕೂರುತ್ತಾರೆ. ಹೊತ್ತು ಇಳಿಯುವಷ್ಟರಲ್ಲಿ ಬೇವಿನ ಬುಡದಲ್ಲಿ ಒಬ್ಬಿಬ್ಬರು ಏಳುವುದಿಲ್ಲ. ನನ್ನನ್ನು ಕಲ್ಲೆದೆಯವಳು ಎನ್ನುತ್ತಾರೆ. ಐದು ಸೀಟಿನಲ್ಲಿ ಒಂಬತ್ತು ಮಂದಿಯನ್ನು ತುರುಕಿದ ಪಕ್ಕದ ಶೆಡ್ಡಿನ ಕರುಣಾಳು ತಂಪು ಸಾಲದೆ ಬಿದ್ದ ಒಂಬತ್ತೂ ಹೆಣಗಳನ್ನು ಹೊರಗೆಳೆಯುವಾಗ ಹೀಗೆನ್ನುತ್ತಿದ್ದವರು ಯಾರೂ ಹತ್ತಿರ ಸುಳಿಯಲಿಲ್ಲ.

ನಿಮ್ಮ ಗಾಡಿ ಹೋದ ತಿಂಗಳಷ್ಟೇ ದಾಯಾದಿಗಳಿಂದ ನನ್ನ ಕೈಗೆ ಬಂತು. ಬರುವ ಏಪ್ರಿಲ್‌ಗೆ ಅದನ್ನು ಎಬ್ಬಿಸಬೇಕು. ಗಾಡಿ ಎಬ್ಬಿಸುವವಳಿಗೆ ಅದರ ಯಜಮಾನನ ಗುಣ ತಿಳಿಯುವುದು ಎರಡು ನಿಮಿಷದ ಕೆಲಸ. ಆದ್ದರಿಂದ ಮೊದಲು ಗಾಡಿಯ ಬುದ್ಧಿಮಾತು ಹೇಳಿಬಿಡುತ್ತೇನೆ. ನಿಮಗೆ ಉಪಯೋಗಕ್ಕೆ ಬರದಿದ್ದರೆ ನಿಮ್ಮಂತೆಯೇ ಕೊಂಡ ಗೆಳೆಯರಿಗೆ ದಾಟಿಸಿ.

ಅದನ್ನು ಮದುವೆ ಮುಂಜಿಗಷ್ಟೇ ಹೊರಗೆ ತೆಗೆಯುವ ಚಾಳಿ ಬಿಡಿ. ಹೈಬ್ರಿಡ್‌ನಲ್ಲಿ ಬ್ಯಾಟರಿ ಎರಡು: ಗಾಡಿ ಎಳೆಯುವ ದೊಡ್ಡದು, ಬಾಗಿಲು ತೆಗೆದು ದೊಡ್ಡದನ್ನು ಎಬ್ಬಿಸುವ ಚಿಕ್ಕದು. ಮೂರು ವಾರ ಬಟ್ಟೆ ಹೊದಿಸಿ ನಿಲ್ಲಿಸಿದರೆ ಚಿಕ್ಕದು ಸಾಯುತ್ತದೆ. ಆಗ ಕೋಟಿ ಬೆಲೆಯ ಗಾಡಿಯ ಮುಂದೆ ನೀವು ಕೀಲಿ ಹಿಡಿದ ಕಾವಲುಗಾರ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ಕರೆಂಟಿದೆಯಲ್ಲ ಎಂದು ಪೆಟ್ರೋಲ್ ಬರಿದು ಮಾಡಬೇಡಿ. ಇಂಜಿನ್ ನಿಂತರೆ ದೊಡ್ಡ ಬ್ಯಾಟರಿ ತನ್ನನ್ನೇ ತಿನ್ನುತ್ತದೆ. ಇಳಿಜಾರಿನಲ್ಲಿ ಮೋಟಾರೇ ಗಾಡಿಯನ್ನು ಹಿಡಿಯುವುದರಿಂದ ಬ್ರೇಕ್ ಪ್ಯಾಡು ಸವೆಯುವುದಿಲ್ಲ ಎಂದು ಹಿಗ್ಗುತ್ತೀರಿ. ಸವೆಯದ ಬ್ರೇಕು ತುಕ್ಕು ಹಿಡಿಯುತ್ತದೆ. ಆಗಾಗ ಖಾಲಿ ರಸ್ತೆಯಲ್ಲಿ ಗಟ್ಟಿಯಾಗಿ ತುಳಿಯಿರಿ. ಇನ್ವರ್ಟರಿಗೆ ಬೇರೆಯೇ ಕೂಲೆಂಟ್ ಇರುತ್ತದೆ, ಅದನ್ನೂ ನೋಡಲು ಹೇಳಿ. ಇನ್ನು ಕಂಪನಿಯ ಪುಸ್ತಕ ಬರೆದವನು ಹೊಸಪೇಟೆಯ ಅದಿರಿನ ಕೆಂಪು ಧೂಳನ್ನು ಕನಸಿನಲ್ಲೂ ಕಂಡವನಲ್ಲ. ಅದರಲ್ಲಿ ಹತ್ತು ಸಾವಿರ ಕಿಲೋಮೀಟರಿಗೆ ಫಿಲ್ಟರ್ ಎಂದಿದ್ದರೆ ನೀವು ಐದಕ್ಕೇ ತೆಗೆಸಿ. ಆಯುಧಪೂಜೆಯ ದಿನ ವಾಟರ್ ಸರ್ವಿಸ್‌ನವನಿಂದ ಬಾನೆಟ್ಟಿನೊಳಗೆ ಪ್ರೆಶರ್ ನೀರು ಬಿಡಿಸಿದಿರಿ, ಕಿತ್ತಳೆ ಬಣ್ಣದ ದಪ್ಪ ವೈರುಗಳ ಮೇಲೆ. ಮನುಷ್ಯನನ್ನು ಒಂದೇ ಏಟಿಗೆ ಇದ್ದಲು ಮಾಡುವ ವೈರುಗಳು ಅವು. ಅಂದು ದೇವರು ಕಾಯಲಿಲ್ಲ, ವೈರಿನ ರಬ್ಬರ್ ಗಟ್ಟಿಯಿತ್ತು.

ಇನ್ನು ಮೂಗಿನ ವಿಚಾರ. ಗಾಡಿ ಎಬ್ಬಿಸುವವರ ಮಾತಿನಲ್ಲಿ ಮೂಗು ಎಂದರೆ ಹಿಂದಿನ ಸೀಟಿನ ಬುಡದಲ್ಲಿರುವ ಜಾಲರಿ. ದೊಡ್ಡ ಬ್ಯಾಟರಿ ಗಾಡಿಯೊಳಗಿನ ತಂಪು ಗಾಳಿಯನ್ನು ಅಲ್ಲಿಂದಲೇ ಎಳೆದುಕೊಳ್ಳುತ್ತದೆ. ಅದು ಮುಚ್ಚಿದರೆ ಬ್ಯಾಟರಿ ಬೇಯುತ್ತದೆ, ಬೆಂದ ಬ್ಯಾಟರಿ ಗಾಡಿಯನ್ನು ನಿಲ್ಲಿಸುತ್ತದೆ. ಬೇರೆ ದೇಶದ ಗಾಡಿಗಳಲ್ಲಿ ಮೂಗಿನೊಳಗೆ ನಾಯಿಯ ಕೂದಲು ಸಿಗುತ್ತದಂತೆ. ನಮ್ಮ ಸೀಮೆಯ ಗಾಡಿಗಳಲ್ಲಿ ಸಿಗುವುದು ಶೋರೂಮಿನಿಂದ ಬಂದ ಪ್ಲಾಸ್ಟಿಕ್ ಕವರು. ಗಾಡಿ ಹಳತಾದರೂ ಕವರು ಹೊಸದಾಗಿರಬೇಕು. ಈ ತಪ್ಪನ್ನು ನಮ್ಮವರು ಬಿಟ್ಟರೆ ಇನ್ಯಾರೂ ಮಾಡಲಾರರು.

ನೀವು ಮುಂದಿನ ಗಾಜಿಗೆ ಅಂಟಿಸಿದ ಕ್ಯಾಮೆರಾ ದಾರಿಯನ್ನಷ್ಟೇ ಅಲ್ಲ, ಒಳಗಿನ ಮಾತನ್ನೂ ಹಿಡಿದಿಟ್ಟಿದೆ. ನಾನು ಎಲ್ಲವನ್ನೂ ಕೇಳಿದ್ದೇನೆ. ಮೊದಲ ಸರ್ವಿಸ್ ಮುಗಿಸಿದ ಮೆಕ್ಯಾನಿಕ್ ಖಾಜಾಸಾಬ್ ಬಾಗಿಲು ಹಿಡಿದು ನಿಂತು, "ಓಬಣ್ಣಾ, ಸೀಟಿನ ಬುಡಕ್ಕ ಜಾಲರಿ ಐತಲ್ಲ, ಬ್ಯಾಟರಿ ಅಲ್ಲಿಂದನಾ ಉಸಿರು ತಗಳಾದು. ಈ ಪ್ಲಾಸ್ಟಿಕ್ ಕಿತ್ತು ಒಗೀರಿ" ಎಂದ. ನೀವು, "ಕಿತ್ತು ಒಗದ್ರ ಹೊಸಾ ಗಾಡಿ ಅಂತ ಯಾವನಿಗೆ ಗೊತ್ತಾಗ್ತೈತೋ? ಬರೋ ಆಯುಧಪೂಜಿ ತನಕ ಇರ್ಲಿ ಬಿಡು" ಎಂದಿರಿ. ಆಗ ಹಿಂದಿನ ಸೀಟಿನಿಂದ ನಿಮ್ಮ ಹೆಂಡತಿ ಪಂಪಾವತಿಯ ದನಿ: "ಹಂಗಾದ್ರ ನನ್ನೂ ಪ್ಲಾಸ್ಟಿಕ್‌ನಾಗ ಸುತ್ತಿ ಇಡಬೇಕಿತ್ತು ನೋಡು. ತಂದು ಇಪ್ಪತ್ತು ವರ್ಷಾದ್ರೂ ಹೊಸಾಕಿನಂಗ ಕಾಣ್ತಿದ್ದೆ." ಖಾಜಾಸಾಬ್ ನಕ್ಕ. ಪಂಪಾವತಿಯೂ ನಕ್ಕರು. ನೀವು ನಗಲಿಲ್ಲ.

ಆ ನಗುವನ್ನು ನಾನು ಎಷ್ಟು ಸಲ ಹಿಂದೆ ತಿರುಗಿಸಿ ಕೇಳಿದ್ದೇನೋ ಲೆಕ್ಕವಿಲ್ಲ. ನಮ್ಮ ವಂಶದಲ್ಲಿ ಯಾರಿಗೂ ಹಾಗೆ ನಗಲು ಬರುವುದಿಲ್ಲ. ಬರುವಂತೆಯೂ ಇಲ್ಲ. ನಮ್ಮಲ್ಲಿ ಅವರ ರಕ್ತವಿಲ್ಲ.

ಈಗ ಮುಖ್ಯ ವಿಷಯ. ನಿಮ್ಮ ಲೆಕ್ಕದಲ್ಲಿ ಬರುವ ಮೇ ಹತ್ತೊಂಬತ್ತರ ಮಧ್ಯಾಹ್ನ ಪಂಪಾವತಿಗೆ ಎದೆ ನೋವು ಬರುತ್ತದೆ. ಹೊಸಪೇಟೆಯ ಡಾಕ್ಟರು ತಡ ಮಾಡದೆ ಬಳ್ಳಾರಿಗೆ ಒಯ್ಯಿರಿ ಎನ್ನುತ್ತಾರೆ. ಹೊರಗೆ ನಲವತ್ತಮೂರು ಡಿಗ್ರಿ. ನೀವು ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸುತ್ತೀರಿ. ಮೈ ಭಾರಕ್ಕೆ ಪ್ಲಾಸ್ಟಿಕ್ ಜಗ್ಗಿ ಮೂಗಿನ ಮೇಲೆ ಕೂರುತ್ತದೆ. ಬಳ್ಳಾರಿ ಇನ್ನು ಇಪ್ಪತ್ತೆರಡು ಕಿಲೋಮೀಟರ್ ಇರುವಾಗ, ಎರಡು ಐವತ್ತೊಂದಕ್ಕೆ, ಗಾಡಿ ನಿಲ್ಲುತ್ತದೆ. ಮೂರು ನಿಮಿಷದಲ್ಲಿ ಒಂದು ಟಿಪ್ಪರ್ ಬಂದು ನಿಲ್ಲುತ್ತದೆ. ಡ್ರೈವರ್ ಶೇಕ್ಷಾವಲಿ, ಒಂದು ಕಾಲಕ್ಕೆ ನಿಮ್ಮ ಹತ್ತಿರವೇ ಕೆಲಸಕ್ಕಿದ್ದವನು. "ಸಾವ್ಕಾರ್ರೇ, ಅಕ್ಕನ್ನ ನನ್ನ ಟಿಪ್ಪರಿಗೆ ಹತ್ತಸ್ರೀ, ಅರ್ಧ ತಾಸಿನಾಗ ದವಾಖಾನಿ ಮುಟ್ಟಸ್ತೀನಿ. ಇಲ್ಲಾಂದ್ರ ಹಗ್ಗ ಹಾಕಿ ಗಾಡೀನ ಎಳೀತೀನಿ" ಎನ್ನುತ್ತಾನೆ. ನೀವು, "ಗುಜ್ಜಲ ಓಬಯ್ಯನ ಹೆಂಡ್ತಿ ಟಿಪ್ಪರ್‌ನಾಗ ಹೋಗಂಗಿಲ್ಲ. ಫೋನ್ ಮಾಡೀನಿ, ಬೇರೆ ಗಾಡಿ ಬರ್ತೈತಿ" ಎನ್ನುತ್ತೀರಿ. "ಸಾವ್ಕಾರ್ರೇ, ಅಕ್ಕನ ಮುಖ ಒಂದ್ಸಲ ನೋಡ್ರೀ" ಎಂದು ಅವನು ಅಂಗಲಾಚುತ್ತಾನೆ. ನೀವು ಹಿಂದೆ ತಿರುಗಿ ನೋಡುವುದಿಲ್ಲ. ಪಂಪಾವತಿ ತೀರಿಕೊಳ್ಳುವುದು ಮೂರು ಮೂವತ್ತೈದಕ್ಕೆ. ಟಿಪ್ಪರ್ ಹತ್ತಿದ್ದರೆ ಮೂರು ಇಪ್ಪತ್ತೈದಕ್ಕೆ ದವಾಖಾನೆಯ ಬಾಗಿಲಲ್ಲಿ ಇರುತ್ತಿದ್ದರು.

ಪ್ಲಾಸ್ಟಿಕ್ ಕೀಳಲು ಹತ್ತು ನಿಮಿಷ ಸಾಕು. ಇಂದೇ ಕಿತ್ತರೆ ಅಂದು ಗಾಡಿ ನಿಲ್ಲುವುದಿಲ್ಲ, ಪಂಪಾವತಿ ಬದುಕುತ್ತಾರೆ. ಇದನ್ನು ನಿಮ್ಮಿಂದ ಮುಚ್ಚಿಟ್ಟು ವ್ಯಾಪಾರ ಮಾಡುವಷ್ಟು ಕೀಳು ವ್ಯಾಪಾರಿ ನಾನಲ್ಲ. ಸರಕನ್ನು ಬೆಳಕಿನಲ್ಲಿಟ್ಟು ತೋರಿಸುತ್ತೇನೆ. ಬೇಕೋ ಬೇಡವೋ ನೀವೇ ಹೇಳಿ.

ಇನ್ನೊಂದು ತಕ್ಕಡಿ ಹೀಗಿದೆ. ಪಂಪಾವತಿಗೆ ಮಕ್ಕಳಾಗಲಿಲ್ಲ, ಬದುಕಿದರೂ ಆಗುವುದಿಲ್ಲ. ಅವರು ತೀರಿದ ಒಂಬತ್ತನೇ ತಿಂಗಳಿಗೆ ನೀವು ನಿಮ್ಮ ಆಫೀಸಿನಲ್ಲಿ ಟ್ರಿಪ್ ಶೀಟು ಬರೆಯುವ ಅಂಜಿನಮ್ಮನನ್ನು ಮದುವೆಯಾಗುತ್ತೀರಿ. ಆಕೆಯ ಮೇಜಿನ ಹತ್ತಿರ ನೀವು ಇತ್ತೀಚೆಗೆ ಕಾರಣವಿಲ್ಲದೆ ಎರಡು ಸಲ ನಿಂತದ್ದು ನಮ್ಮ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಹೇಳಿಕೊಂಡು ಬಂದ ಮಾತು. ನಿಮಗೆ ಮೂವರು ಗಂಡುಮಕ್ಕಳು. ನೀವು ದೇವಸ್ಥಾನ ದೇವಸ್ಥಾನ ಸುತ್ತಿ, ಡಾಕ್ಟರ ಬಾಗಿಲು ಕಾದು, ಕೊನೆಗೆ ಯಾರೆದುರೂ ಬಾಯಿಬಿಡದಂತಾದ ಆಸೆ ಅದು. ಮೂರನೆಯವನು ನನ್ನ ಅಜ್ಜ. ಅವನನ್ನು ನೀವು ಮೊದಲ ಸಲ ಎತ್ತಿಕೊಂಡಾಗ ನಿಮ್ಮ ಬಿಳಿ ಅಂಗಿ ಒದ್ದೆ ಮಾಡಿದನಂತೆ. ಆ ಅಂಗಿಯನ್ನು ನೀವು ಸಂಜೆಯವರೆಗೂ ಬದಲಿಸಲಿಲ್ಲವಂತೆ. ಇಂದಿಗೆ ನಾವು ಐವತ್ತನಾಲ್ಕು ಮಂದಿ. ಆ ಕಡೆ ಒಬ್ಬರು, ಈ ಕಡೆ ಐವತ್ತನಾಲ್ಕು. ಮೇಲೆ ಪ್ರತಿ ಬೇಸಿಗೆಗೆ ನನ್ನ ಸೀಟುಗಳಲ್ಲಿ ಉಸಿರು ಉಳಿಸಿಕೊಳ್ಳುವ ಇನ್ನೂರಿಪ್ಪತ್ತು. ನೀವು ಅದಿರು ತೂಗಿ ಬೆಳೆದವರು. ತೂಕ ನಿಮಗೆ ಕಲಿಸಬೇಕಿಲ್ಲ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಶೇಕ್ಷಾವಲಿ ಹಗ್ಗ ಹಾಕಲು ಬಿಡಬೇಡಿ. ಹೈಬ್ರಿಡ್ ಗಾಡಿಯ ಚಕ್ರ ನೆಲದ ಮೇಲೆ ಉರುಳುವಂತೆ ಎಳೆದರೆ ಅದರ ಜೊತೆ ಮೋಟಾರೂ ತಿರುಗಿ ಇನ್ವರ್ಟರ್ ಸುಟ್ಟುಹೋಗುತ್ತದೆ. ಇನ್ವರ್ಟರ್ ಸತ್ತರೆ ತಂಪು ಸತ್ತಂತೆ, ನಮ್ಮ ಕಾಲದಲ್ಲಿ ಅಂಥದನ್ನು ಮಾಡಬಲ್ಲವರು ಯಾರೂ ಇಲ್ಲ. ನಾಲ್ಕೂ ಚಕ್ರ ಮೇಲೆತ್ತಿ ಒಯ್ಯುವ ಲಾರಿ ಮೂರು ನಲವತ್ತಾರಕ್ಕೆ ಬರುತ್ತದೆ, ಕಾಯಿರಿ. ಆಮೇಲೆ ನೀವು ಆ ಗಾಡಿಯನ್ನು ಹತ್ತುವುದಿಲ್ಲ. ಆದರೆ ಶೆಡ್ಡಿಗೆ ನೂಕುವ ಮೊದಲು ಚಿಕ್ಕ ಬ್ಯಾಟರಿಯ ಕರಿ ವೈರು ಬಿಚ್ಚಿಸಿ, ನಾಲ್ಕೂ ಚಕ್ರ ನೆಲ ಮುಟ್ಟದಂತೆ ಮರದ ದಿಮ್ಮಿ ಕೊಡಿಸಿ, ಇಲಿ ನುಗ್ಗದಂತೆ ಸೈಲೆನ್ಸರಿನ ಬಾಯಿ ಕಟ್ಟಿಸಿ. ಇಷ್ಟನ್ನೂ ನೀವು ಮಾಡಿಸಿದ್ದೀರಿ, ಗಾಡಿ ಕೈಗೆ ಬಂದಾಗ ಕಣ್ಣಾರೆ ಕಂಡೆ. ದುಃಖದಲ್ಲಿರುವ ಗಂಡಸು ಇಷ್ಟು ಅಚ್ಚುಕಟ್ಟಾಗಿ ಗಾಡಿ ನಿಲ್ಲಿಸಿದ್ದು ಹೇಗೆ ಎಂದು ನಮ್ಮ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ.

ನಾನು ಕೇಳಿದೆ. ಉತ್ತರ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿತ್ತು. ಸರ್ವಿಸ್ ಫೈಲಿನ ಕೆಳಗೆ ಒಂದು ಹಳೆಯ ಲಕೋಟೆ, ಅಂಚು ಹರಿದದ್ದು, ಒಳಗೆ ಏನೂ ಇಲ್ಲ. ಮೇಲೆ ನಿಮ್ಮ ಹೆಸರು, ನನ್ನ ಕೈಬರಹ. ಅಲ್ಲಿಯವರೆಗೆ ನಾನು ನಿಮಗೆ ಒಂದಕ್ಷರವನ್ನೂ ಬರೆದಿರಲಿಲ್ಲ. ಆ ಲಕೋಟೆ ಕಂಡ ಮೇಲೆ ಬರೆಯಲು ಕುಳಿತಿದ್ದೇನೆ. ಅಂದರೆ ಈ ಪತ್ರ ನಿಮಗೆ ತಲುಪಿದೆ, ನೀವು ಓದಿದ್ದೀರಿ. ಓದಿದ ಮೇಲೆ ಹಿಂದಿನ ಬಾಗಿಲು ತೆಗೆದು, ಸೀಟಿನ ಬಲಮೂಲೆಯಲ್ಲಿ ಪ್ಲಾಸ್ಟಿಕ್ ಹರಿಯಲು ಹೊರಟಿದ್ದೀರಿ. ನಾಲ್ಕು ಬೆರಳಿನಷ್ಟು ಹರಿದಿದ್ದೀರಿ. ಅಲ್ಲಿಗೆ ನಿಲ್ಲಿಸಿ, ಹರಿದದ್ದನ್ನು ಮತ್ತೆ ಜೋಡಿಸಿ, ಕಂದು ಬಣ್ಣದ ಟೇಪು ಹಚ್ಚಿದ್ದೀರಿ. ಅಂಟಿನಲ್ಲಿ ನಿಮ್ಮ ಹೆಬ್ಬೆರಳಿನ ಗೆರೆಗಳು ಇನ್ನೂ ಎಣಿಸುವಷ್ಟು ಸ್ಪಷ್ಟವಾಗಿವೆ.

ಓಬಯ್ಯನ ಗರ್ವಕ್ಕೆ ಹೆಂಡತಿ ಬಲಿಯಾದಳು ಎಂದು ಊರು ಹೇಳುತ್ತದೆ. ಹೇಳಲಿ ಬಿಡಿ, ನೀವೂ ಕೊನೆಯ ತನಕ ಅದನ್ನೇ ಹೇಳಿಕೊಂಡು ತಲೆ ತಗ್ಗಿಸಿ ಓಡಾಡುತ್ತೀರಿ. ಗರ್ವವನ್ನು ಜನ ಒಂದಲ್ಲ ಒಂದು ದಿನ ಕ್ಷಮಿಸುತ್ತಾರೆ.

ನಿಮ್ಮಿಂದ ಒಂದೇ ಕೋರಿಕೆ, ಮುತ್ತಜ್ಜ. ಟೇಪು ಹಚ್ಚುವಾಗ ಗಟ್ಟಿಯಾಗಿ ಒತ್ತಿ. ಅದು ನೂರಾ ಹದಿನಾಲ್ಕು ವರ್ಷ ಹಿಡಿದು ನಿಲ್ಲಬೇಕು.

ನಿಮ್ಮ ಮೂರನೇ ಮಗನ ಮೊಮ್ಮಗಳು,
ಗುಜ್ಜಲ ಹುಲಿಗೆಮ್ಮ